‘ಕಾರ್ಟೂನ್ ತಾನೇ’ ಅಂದರು ನಮ್ಮ ಭಾವ: ಬಸ್ ಸ್ಟಾಪಿನ ಆ ಮಳೆ ಕಲೆ ಅಲ್ವಾ?

ಮಂಡಕ್ಕಿ_ಮೆಣಸಿನಕಾಯಿ
ಶನಿವಾರ, ರಾತ್ರಿ 10:40

ಹೋದ ವಾರ ಅಕ್ಕನ ಮನೆಯಲ್ಲಿದ್ದೆವು. ಹೊರಗೆ ಜಡಿಮಳೆ, ಮಕ್ಕಳಿಗೆ ಆಡೋಕೆ ಜಾಗ ಇಲ್ಲ. ಟಿವಿಯಲ್ಲಿ ‘ಮೈ ನೇಬರ್ ಟೊಟೊರೊ’ ಹಾಕಿಕೊಂಡು ಕೂತೆವು. ಆರು ವರ್ಷದ ನನ್ನ ಮಗಳು, ಅಕ್ಕನ ಇಬ್ಬರು ಹುಡುಗರು, ನಾನು. ಮಧ್ಯದಲ್ಲಿ ಭಾವ ಬಂದು ಎರಡು ನಿಮಿಷ ನಿಂತು ನೋಡಿದರು. ಆಗ ಇಬ್ಬರು ಹುಡುಗಿಯರು ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದರು, ಅಷ್ಟೇ. “ಏನಿದು, ಹ್ಯಾಂಗ್ ಆಯ್ತಾ?” ಅಂದರು. ಇಲ್ಲ ಭಾವ, ಸಿನಿಮಾನೇ ಹೀಗೆ ಅಂದೆ. “ಕಾರ್ಟೂನ್ ತಾನೇ, ಮಕ್ಕಳು ನೋಡಲಿ ಬಿಡು. ನೀನು ಬಾ, ಮಂಡಕ್ಕಿ ಕಲಸು” ಅಂತ ಒಳಗೆ ಹೋದರು.

ಮಂಡಕ್ಕಿ ಕಲಸಿದೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ.

ನೋಡದವರಿಗೆ ಹೇಳುತ್ತೇನೆ. 1988ರ ಜಪಾನಿ ಸಿನಿಮಾ, ಹಯಾವೊ ಮಿಯಾಝಾಕಿ ನಿರ್ದೇಶನ, 86 ನಿಮಿಷ. ಅಕ್ಕ ಸತ್ಸುಕಿ, ತಂಗಿ ಮೇ. ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿ. ಪಕ್ಕದ ಕಾಡಿನಲ್ಲಿ ಟೊಟೊರೊ ಅನ್ನೋ ದೊಡ್ಡ ಹೊಟ್ಟೆಯ ಜೀವಿ. ವಿಲನ್ ಇಲ್ಲ, ಹೊಡೆದಾಟ ಇಲ್ಲ.

ಒಂದು ಸಂಜೆ ಅಪ್ಪ ಕೊಡೆ ಬಿಟ್ಟು ಹೋಗಿರುತ್ತಾರೆ. ಮಕ್ಕಳು ಕೊಡೆ ತಗೊಂಡು ಬಸ್ ಸ್ಟಾಪಿಗೆ ಬರುತ್ತಾರೆ. ಒಂದು ಬಸ್ ಬರುತ್ತದೆ, ಅದರಲ್ಲಿ ಅಪ್ಪ ಇಲ್ಲ. ಕತ್ತಲಾಗುತ್ತದೆ. ಬೀದಿ ದೀಪ ಹತ್ತಿಕೊಳ್ಳುತ್ತದೆ. ತಂಗಿ ತೂಕಡಿಸುತ್ತಾಳೆ, ಅಕ್ಕ ಬೆನ್ನ ಮೇಲೆ ಹೊತ್ತುಕೊಳ್ಳುತ್ತಾಳೆ. ಒಂದು ಕಪ್ಪೆ ರಸ್ತೆ ದಾಟುತ್ತದೆ. ಆಮೇಲೆ ಪಕ್ಕದಲ್ಲಿ ಯಾರೋ ಬಂದು ನಿಂತ ಸದ್ದು. ಕೊಡೆ ಕಣ್ಣಿಗೆ ಅಡ್ಡ. ಹಾಗಾಗಿ ಅವಳಿಗೆ ಮೊದಲು ಕಾಣುವುದು ಎರಡು ದೊಡ್ಡ ಪಾದ, ಉಗುರು.

ಟೊಟೊರೊ ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು ನೆನೆಯುತ್ತಾ ನಿಂತಿರುತ್ತಾನೆ. ಇವಳು ಅಪ್ಪನ ಕೊಡೆ ಕೊಡುತ್ತಾಳೆ. ಅವನಿಗೆ ಕೊಡೆ ಗೊತ್ತಿಲ್ಲ. ಮರದಿಂದ ಒಂದು ಹನಿ ಕೊಡೆಯ ಮೇಲೆ ಬಿದ್ದು ‘ಟಪ್’ ಅನ್ನುತ್ತದೆ. ಅವನ ಕಣ್ಣು ಅರಳುತ್ತದೆ. ಇನ್ನೊಂದು ಹನಿ. ಆಮೇಲೆ ಒಂದೇ ಸಲ ಎಗರಿ ನೆಲಕ್ಕೆ ಬೀಳುತ್ತಾನೆ, ಮರದ ಮೇಲಿದ್ದ ನೀರೆಲ್ಲ ಧೋ ಅಂತ ಸುರಿಯುತ್ತದೆ.

ನನ್ನ ಮಗಳು ನಗುತ್ತಿದ್ದಳು. ನನಗೆ ಯಾಕೋ ಗಂಟಲು ಕಟ್ಟಿತು. ಏನೂ ಆಗದ ಆ ನಿಮಿಷಗಳನ್ನೂ ಯಾರೋ ಕೂತು, ಹಾಳೆ ಹಾಳೆಯಾಗಿ ಬರೆದಿದ್ದಾರೆ. ಇದೇ ದೃಶ್ಯವನ್ನು ಇಬ್ಬರು ಬಾಲನಟಿಯರನ್ನು ನಿಲ್ಲಿಸಿ ತೆಗೆದಿದ್ದರೆ ಎಲ್ಲರೂ ‘ಆಹಾ ಎಂಥ ಕಲಾತ್ಮಕ ಚಿತ್ರ’ ಅಂತಿದ್ದರು. ಕೈಯಲ್ಲಿ ಬರೆದದ್ದು ಅಂದ ಕೂಡಲೇ ಯಾಕೆ ‘ಕಾರ್ಟೂನ್ ತಾನೇ’ ಆಗುತ್ತದೆ?

ಪಾಪ್‌ಕಾರ್ನ್_ಪರಶು
ಶನಿವಾರ, ರಾತ್ರಿ 10:52

ಮೊದಲು ಮಂಡಕ್ಕಿ ಹೇಗಿತ್ತು ಹೇಳ್ರಿ. ಆಮೇಲೆ ಕಲೆ ಬಗ್ಗೆ ಮಾತಾಡೋಣ.

ಹಳೇ_ಟಾಕೀಸ್
ಶನಿವಾರ, ರಾತ್ರಿ 11:15

ನಾನು ನಿಮ್ಮ ಭಾವನ ಪರ. ಯಾರಾದರೂ ಅವರ ಪರ ಇರಬೇಕಲ್ಲ.

ನಲವತ್ತು ವರ್ಷದಿಂದ ಫಿಲ್ಮ್ ಸೊಸೈಟಿ ಅಂತ ಓಡಾಡಿದವನು ನಾನು. ಟೊಟೊರೊ ನೋಡಿದ್ದೇನೆ. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನೀವು ರಾಶಿಯಿಂದ ಒಂದು ಮುತ್ತು ಹೆಕ್ಕಿ ತೋರಿಸಿ ರಾಶಿಯೆಲ್ಲ ಮುತ್ತು ಅನ್ನುತ್ತಿದ್ದೀರಿ. ಸಾಮಾನ್ಯವಾಗಿ ಈ ‘ಕುಟುಂಬ ಸಮೇತ’ ಅನಿಮೇಷನ್ ಸಿನಿಮಾ ಹೇಗಿರುತ್ತದೆ? ಅಪ್ಪ ಅಥವಾ ಅಮ್ಮ ಇಲ್ಲದ ಮಗು. ಜೊತೆಗೆ ಬಾಯಿಬಡುಕ ಪ್ರಾಣಿ ಒಂದು. ಕಾಲು ಗಂಟೆಗೊಂದು ಹಾಡು. ಮಕ್ಕಳಿಗೆ ಬಿದ್ದು ಏಳುವ ಕಾಮಿಡಿ, ಅಪ್ಪಂದಿರು ನಿದ್ದೆ ಹೋಗಬಾರದು ಅಂತ ನಡುನಡುವೆ ಎರಡರ್ಥದ ಜೋಕು. ಕೊನೆಗೆ ಎಲ್ಲರೂ ತಬ್ಬಿಕೊಂಡು ‘ನಿನ್ನನ್ನು ನೀನು ನಂಬು’.

1992ರ ‘ಅಲ್ಲಾದೀನ್’ನಲ್ಲಿ ಜೀನಿಗೆ ರಾಬಿನ್ ವಿಲಿಯಮ್ಸ್ ಧ್ವನಿ ಕೊಟ್ಟರು. ಅದ್ಭುತವಾಗಿತ್ತು. ಅಲ್ಲಿಂದ ಮುಂದೆ ಪಾತ್ರ ಬರೆಯುವ ಮೊದಲೇ ಧ್ವನಿ ಕೊಡುವ ಸ್ಟಾರ್ ಯಾರು ಅಂತ ನೋಡುವ ಚಾಳಿ ಹತ್ತಿತು. ಸಿನಿಮಾ ಬರುವ ಹೊತ್ತಿಗೆ ಟಿಫನ್ ಡಬ್ಬಿ, ಸ್ಕೂಲ್ ಬ್ಯಾಗು ಎಲ್ಲ ಅಂಗಡಿಯಲ್ಲಿ ನೇತಾಡುತ್ತಿರುತ್ತದೆ.

ನಿಮ್ಮ ಟೊಟೊರೊನೇ ತಗೊಳ್ಳಿ. ಅದನ್ನು ಮಾಡಿದ ಸ್ಟುಡಿಯೋ ಘಿಬ್ಲಿ ಕೈಗೆ ದೊಡ್ಡ ದುಡ್ಡು ಬಂದದ್ದು ಆ ಬೂದು ಬಣ್ಣದ ಮೆತ್ತನೆ ಗೊಂಬೆಯಿಂದ. ಈಗ ಅವನೇ ಅವರ ಲಾಂಛನ.

ಮಂಡಕ್ಕಿ_ಮೆಣಸಿನಕಾಯಿ
ಶನಿವಾರ, ರಾತ್ರಿ 11:28

ಸರ್, ಗೊಂಬೆ ಬಂದದ್ದು ಸಿನಿಮಾ ಬಂದು ವರ್ಷಗಳಾದ ಮೇಲೆ. ಬಿಡುಗಡೆಯಾದಾಗ ಟಾಕೀಸಿನಲ್ಲಿ ಅಂಥ ದೊಡ್ಡ ದುಡ್ಡೇನೂ ಆಗಿರಲಿಲ್ಲ. ಆಗಲಾದರೂ ಹೇಗೆ ಆಗುತ್ತೆ? 1988ರ ಏಪ್ರಿಲ್‌ನಲ್ಲಿ ಅದನ್ನು ಬಿಡುಗಡೆ ಮಾಡಿದ್ದು ಇಸಾವೊ ತಕಾಹತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಜೊತೆಗೆ. ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ. ಒಂದರಲ್ಲಿ ಟೊಟೊರೊ, ಇನ್ನೊಂದರಲ್ಲಿ ಯುದ್ಧದಲ್ಲಿ ಅಮ್ಮನನ್ನು ಕಳೆದುಕೊಂಡ ಅಣ್ಣ ತಂಗಿ ಹಸಿವಿನಿಂದ ಸಾಯುವುದು. ಗೊಂಬೆ ಮಾರುವ ಆಸೆ ಇದ್ದವರು ಹೀಗೆ ಜೋಡಿ ಮಾಡ್ತಾರಾ?

(ಮಂಡಕ್ಕಿಗೆ ಖಾರ ಜಾಸ್ತಿ ಆಗಿತ್ತು ಪರಶು ಅವರೇ. ಬೇಕಂತಲೇ ಹಾಕಿದ್ದೆ.)

ಗೆರೆಕೆಲಸ
ಭಾನುವಾರ, ಬೆಳಿಗ್ಗೆ 7:05

ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುತ್ತಿದ್ದೇನೆ. ಮೊದಲು ಕ್ಲೀನಪ್ (ಕರಡು ಗೆರೆ ನೀಟು ಮಾಡುವುದು), ಆಮೇಲೆ ಇನ್‌ಬಿಟ್ವೀನ್ (ನಡುವಿನ ಚಿತ್ರ ತುಂಬುವುದು), ಈಗ ಕಾಂಪೊಸಿಟಿಂಗ್ (ಪಾತ್ರ, ಹಿನ್ನೆಲೆ ಎಲ್ಲ ಒಂದೇ ಫ್ರೇಮಿಗೆ ಜೋಡಿಸುವುದು). ಮಂಡಕ್ಕಿ ಮೇಡಂ, ನಾನು ನಿಮ್ಮ ಕಡೆಯವನೇ. ಆದರೆ ಒಂದು ತಿದ್ದುಪಡಿ ಇದೆ.

‘ಏನೂ ಆಗದಿರುವುದು’ ನಮ್ಮ ಕಸುಬಿನಲ್ಲಿ ತುಂಬಾ ಅಗ್ಗದ ಮಾಲು. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಇದಕ್ಕೆ ‘ಆನ್ ಟೂಸ್’ ಅಂತೀವಿ. ಅಲ್ಲಿಗೂ ಒಂದು ಪಾತ್ರ ನಿಮಿಷಪೂರ್ತಿ ಅಲುಗಾಡಿದರೆ 720 ಚಿತ್ರ ಆಯಿತು. ಅದಕ್ಕೇ ಕಂಡುಹಿಡಿದದ್ದು ‘ಹೋಲ್ಡ್’. ಒಂದು ಚಿತ್ರ ಬರೆದು ಮೂರು ಸೆಕೆಂಡು ಹಾಗೇ ನಿಲ್ಲಿಸಿಬಿಡುವುದು, ಬಾಯಿ ಮಾತ್ರ ಆಡಿಸುವುದು. 1963ರಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ವಾರಕ್ಕೊಂದು ಕಂತು ಟಿವಿಯಲ್ಲಿ ಬರಲು ಸಾಧ್ಯವಾದದ್ದೇ ಇಂಥ ಉಳಿತಾಯದಿಂದ.

ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಟಿವಿ ಸರಣಿ ಮಾಡುತ್ತಿದ್ದೆವು. ಕಂತಿಗೆ ಎಷ್ಟು ಸೆಕೆಂಡು ಹೋಲ್ಡ್ ತುರುಕಬಹುದು ಅಂತ ಮೇಲಿನವರು ಲೆಕ್ಕ ಹಾಕುತ್ತಿದ್ದರು. ಪಾತ್ರ ಯೋಚನೆ ಮಾಡುತ್ತಿದೆ ಅಂತ ಹೇಳಿ ನಿಲ್ಲಿಸಿಬಿಡುವುದು. ಆ ಸರಣಿಯಲ್ಲಿ ಎಲ್ಲರೂ ಭಾರೀ ಯೋಚನೆ ಮಾಡುವವರೇ. ಕಳ್ಳ, ಪೊಲೀಸ್, ಅಡುಗೆಯವನು, ಅವನ ಬೆಕ್ಕು ಸಮೇತ.

ಹಾಗಾಗಿ ಸುಮ್ಮನೆ ನಿಂತಿದೆ ಅನ್ನುವುದೇ ದೊಡ್ಡದಲ್ಲ. ನಿಂತಾಗ ಏನು ಅಲುಗಾಡುತ್ತಿದೆ ಅಂತ ನೋಡಿ. ಆ ಬಸ್ ಸ್ಟಾಪಿನಲ್ಲಿ ಮೇ ತೂಕಡಿಸುತ್ತಾಳಲ್ಲ, ಅದನ್ನು ಬರೆಯುವುದು ಓಟ ಬರೆಯುವುದಕ್ಕಿಂತ ಕಷ್ಟ. ಓಟಕ್ಕೆ ಲೆಕ್ಕ ಇದೆ. ಎರಡು ಹೆಜ್ಜೆ ಬರೆದರೆ ಅದನ್ನೇ ತಿರುಗಿಸಬಹುದು. ತೂಕಡಿಕೆಗೆ ಲೆಕ್ಕ ಇಲ್ಲ. ನಾಲ್ಕು ವರ್ಷದ ಮಗುವಿನ ತಲೆ ಎಷ್ಟು ಭಾರ, ಕತ್ತು ಎಲ್ಲಿ ಸೋಲುತ್ತದೆ, ಎಚ್ಚರ ಆದಾಗ ಮೊದಲು ಏನು ಸರಿಹೋಗುತ್ತದೆ ಅಂತ ನೋಡಿ ಗೊತ್ತಿದ್ದವರು ಮಾತ್ರ ಬರೆಯಬಲ್ಲರು. ನಾನು ಒಂದು ಸಲ ಪ್ರಯತ್ನ ಮಾಡಿದ್ದೆ. ಮಗು ತೂಕಡಿಸಿದ ಹಾಗೆ ಕಾಣಲಿಲ್ಲ, ಕುಡಿದು ನಿಂತ ಹಾಗಿತ್ತು.

ಹಳೇ_ಟಾಕೀಸ್
ಭಾನುವಾರ, ಬೆಳಿಗ್ಗೆ 8:30

ಗೆರೆಕೆಲಸ ಅವರೇ, ಒಳಗಿನವರ ಮಾತು ಕೇಳಿ ಖುಷಿಯಾಯಿತು. ಆದರೆ ಬೆವರು ಬೇರೆ, ಕಲೆ ಬೇರೆ. ಕಷ್ಟಪಟ್ಟದ್ದೆಲ್ಲ ಕಲೆಯಾದರೆ ನಮ್ಮ ರಸ್ತೆಯಲ್ಲಿ ಬಿಸಿಲಿಗೆ ಟಾರು ಹಾಕುವವರು ಎಲ್ಲರಿಗಿಂತ ದೊಡ್ಡ ಕಲಾವಿದರು.

ಗೆರೆಕೆಲಸ
ಭಾನುವಾರ, ಬೆಳಿಗ್ಗೆ 8:47

ಒಪ್ಪಿದೆ ಸರ್. ಬೆವರು ಬಿಡಿ, ಕಪ್ಪೆ ತಗೊಳ್ಳಿ.

ನೀವು ಕ್ಯಾಮರಾ ಹಿಡಿದು ಮಳೆಯಲ್ಲಿ ಬಸ್ ಸ್ಟಾಪ್ ತೆಗೆಯುತ್ತಿದ್ದರೆ ಕಪ್ಪೆ ತಾನಾಗಿ ಬರಬಹುದು. ಅದೃಷ್ಟ ಅನ್ನಬಹುದು. ಬರೆದ ಸಿನಿಮಾದಲ್ಲಿ ಕಪ್ಪೆ ತಾನಾಗಿ ಬರಲ್ಲ. ಯಾರೋ ಒಬ್ಬರು ಕೂತು ‘ಇಲ್ಲಿ ಒಂದು ಕಪ್ಪೆ ರಸ್ತೆ ದಾಟಬೇಕು’ ಅಂತ ತೀರ್ಮಾನ ಮಾಡಿದ್ದಾರೆ. ಕಥೆಗೆ ಕಪ್ಪೆ ಬೇಕಿಲ್ಲ. ಅದನ್ನು ಕಿತ್ತು ಹಾಕಿದರೆ ದುಡ್ಡು ಉಳಿಯುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ. ಆದರೂ ಇಟ್ಟಿದ್ದಾರೆ. ನನಗೆ ಕಲೆ ಅಂದರೆ ಆ ತೀರ್ಮಾನ.

2002ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಇದನ್ನೇ ಮಿಯಾಝಾಕಿಯವರ ಹತ್ತಿರ ಕೇಳಿದ್ದರು, ನಿಮ್ಮ ಪಾತ್ರಗಳು ಸುಮ್ಮನೆ ಕೂತು ನಿಟ್ಟುಸಿರು ಬಿಡುತ್ತವಲ್ಲ ಅಂತ. ಅವರು ಮೂರು ನಾಲ್ಕು ಸಲ ಚಪ್ಪಾಳೆ ತಟ್ಟಿ ತೋರಿಸಿ, ಚಪ್ಪಾಳೆ ಚಪ್ಪಾಳೆಯ ನಡುವಿನ ಹೊತ್ತಿಗೆ ನಮ್ಮಲ್ಲಿ ‘ಮಾ’ ಅಂತ ಹೆಸರಿದೆ ಅಂದರಂತೆ. ಸಂಗೀತ ಕೇಳುವವರಿಗೆ ಇದೇನು ಹೊಸದಲ್ಲ. ತಾಳದಲ್ಲಿ ಪೆಟ್ಟಿಗೆ ಎಷ್ಟು ಬೆಲೆಯೋ ನಡುವಿನ ಬಿಡುವಿಗೂ ಅಷ್ಟೇ ತಾನೇ?

ತುಂಗಾತೀರ
ಭಾನುವಾರ, ಬೆಳಿಗ್ಗೆ 10:20

ನಾನು ನಿವೃತ್ತ ಟೀಚರು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೈಮರಿ ಮಕ್ಕಳ ಜೊತೆ ಕಳೆದವಳು. ಸಿನಿಮಾ ಜ್ಞಾನ ಕಡಿಮೆ. ಮೊಮ್ಮಗಳ ಜೊತೆ ಟೊಟೊರೊ ನೋಡಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನೀವೆಲ್ಲ ಬಸ್ ಸ್ಟಾಪಿನಲ್ಲೇ ನಿಂತಿದ್ದೀರಿ. ನನಗೆ ನೆನಪಿರುವುದು ಆಸ್ಪತ್ರೆ. ಮಕ್ಕಳು ಅಮ್ಮನನ್ನು ನೋಡಲು ಹೋಗುತ್ತಾರೆ. ಚಿಕ್ಕವಳು ಮಾತಾಡುತ್ತಲೇ ಇರುತ್ತಾಳೆ. ದೊಡ್ಡವಳು ಅಮ್ಮನ ಮುಂದೆ ತಲೆ ಕೊಟ್ಟು ಕೂರುತ್ತಾಳೆ. ಅಮ್ಮ ತಲೆ ಬಾಚುತ್ತಾಳೆ. ಅಷ್ಟೇ. ಮನೆಯಲ್ಲಿ ಅಡುಗೆ ಮಾಡಿ, ಡಬ್ಬಿ ಕಟ್ಟಿ, ತಂಗಿಯನ್ನು ಸಂಭಾಳಿಸುವ ಆ ಹುಡುಗಿ ಅಲ್ಲಿ ಎರಡು ನಿಮಿಷ ಮಗು ಆಗುತ್ತಾಳೆ. ನನ್ನ ತರಗತಿಯಲ್ಲಿ ಅಂಥ ದೊಡ್ಡಕ್ಕಂದಿರು ಎಷ್ಟು ಜನ ಇದ್ದರು ಗೊತ್ತಾ? ಹೋಂವರ್ಕ್ ಮಾಡಿಲ್ಲ ಅಂತ ಬೈದಿದ್ದೇನೆ, ಪಾಪ. ತಾಯಿ ಹುಷಾರಿಲ್ಲ ಅಂತ ಅವರು ಯಾವತ್ತೂ ಹೇಳುತ್ತಿರಲಿಲ್ಲ. ಮುಂದೆ ಟೆಲಿಗ್ರಾಂ ಬಂದಾಗ ಇದೇ ಸತ್ಸುಕಿ ಅಜ್ಜಿಯ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆ ಬಾಚಣಿಗೆ ನೋಡಿದವರಿಗೆ ಆ ಅಳು ಎಲ್ಲಿಂದ ಬಂತು ಅಂತ ಗೊತ್ತಿರುತ್ತದೆ.

ಹಳೇ ಟಾಕೀಸ್ ಅವರಿಗೆ ಒಂದು ಪ್ರಶ್ನೆ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಕ್ಕಳ ಪದ್ಯ. ಅದನ್ನು ಬರೆದದ್ದಕ್ಕೆ ಕುವೆಂಪು ಅವರನ್ನು ಯಾರಾದರೂ ‘ಮಕ್ಕಳಿಗೆ ತಾನೇ’ ಅಂದಿದ್ದಾರಾ? ಪಂಜೆಯವರನ್ನು, ರಾಜರತ್ನಂ ಅವರನ್ನು ಅಂದಿದ್ದಾರಾ? ಪದ್ಯಕ್ಕೆ ಇರುವ ಮರ್ಯಾದೆ ಸಿನಿಮಾಗೆ ಯಾಕಿಲ್ಲ?

ಹಳೇ_ಟಾಕೀಸ್
ಭಾನುವಾರ, ಬೆಳಿಗ್ಗೆ 11:02

ಮೇಡಂ, ಟೀಚರು ಪ್ರಶ್ನೆ ಕೇಳಿದರೆ ಎದ್ದು ನಿಂತೇ ಉತ್ತರ ಹೇಳಬೇಕು.

ಕಿಂದರಿಜೋಗಿ ದೊಡ್ಡದು. ಆದರೆ ಅದನ್ನು ತೋರಿಸಿ ಆಮೇಲೆ ಬಂದ ಸಾವಿರ ‘ಬಾರೋ ಚಂದಿರ’ ಮಾದರಿಯ ಪದ್ಯಗಳನ್ನು ಪಾಸು ಮಾಡಲು ಆಗುತ್ತಾ? ನಾನು ಹೇಳುತ್ತಿರುವುದೂ ಅದೇ. ಜೊತೆಗೆ ಇನ್ನೊಂದು: ಪದ್ಯ ಬರೆಯಲು ಪೆನ್ನು ಸಾಕು. ಈ ಸಿನಿಮಾಗಳಿಗೆ ನೂರಾರು ಕೋಟಿ ಬೇಕು. ದುಡ್ಡು ಹಾಕಿದವನು ಕಪ್ಪೆ ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ‘ಅಪ್’ ನೋಡಿ. ಶುರುವಿನಲ್ಲಿ ಗಂಡ ಹೆಂಡತಿಯ ಇಡೀ ಬಾಳನ್ನು ನಾಲ್ಕು ನಿಮಿಷದಲ್ಲಿ, ಮಾತೇ ಇಲ್ಲದೆ ತೋರಿಸುತ್ತಾರೆ. ಕವಿತೆ ಅದು. ಸ್ವಲ್ಪ ಹೊತ್ತು ಹೋಗಲಿ, ಕಾಡಿನಲ್ಲಿ ಮಾತಾಡುವ ನಾಯಿಗಳು ವಿಮಾನ ಹಾರಿಸುತ್ತಿರುತ್ತವೆ. ಕವಿತೆಗೆ ಅನುಮತಿ ಸಿಕ್ಕಿದ್ದು ನಾಲ್ಕೇ ನಿಮಿಷ.

ಪಾಪ್‌ಕಾರ್ನ್_ಪರಶು
ಭಾನುವಾರ, ಬೆಳಿಗ್ಗೆ 11:10

ನಾಯಿಗಳ ಬಗ್ಗೆ ಕೆಟ್ಟ ಮಾತು ಬ್ಯಾಡ್ರಿ ಸರ. ನನಗ ಆ ಸಿನಿಮಾದಾಗ ನಾಯಿನ ಇಷ್ಟ.

ಬಳ್ಳಾರಿ_ಬಿಸಿಲು
ಭಾನುವಾರ, ಮಧ್ಯಾಹ್ನ 2:15

ಊಟ ಮಾಡಿ ಎಲ್ಲವನ್ನೂ ಓದಿದೆ. ‘ಮಕ್ಕಳದು’, ‘ದೊಡ್ಡವರದು’ ಅಂತ ಎರಡು ಗೂಡು ಮಾಡಿದ್ದೇ ಇತ್ತೀಚೆಗೆ ಅನ್ನಿಸುತ್ತದೆ ನನಗೆ.

ಚಿಕ್ಕವನಿದ್ದಾಗ ನಮ್ಮೂರಲ್ಲಿ ತೊಗಲು ಗೊಂಬೆಯಾಟ ನೋಡಿದ್ದೇನೆ. ಬಿಳಿ ಪರದೆ, ಹಿಂದೆ ದೀಪ, ಬಣ್ಣ ಹಾಕಿದ ತೊಗಲು. ರಾವಣ ಬಂದರೆ ಪರದೆ ತುಂಬ ಕೆಂಪು. ಅಜ್ಜ, ಅವ್ವ, ನಾವು ಎಲ್ಲ ಒಂದೇ ಚಾಪೆಯ ಮೇಲೆ. ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜಗಳ ಆಡುತ್ತಿದ್ದರು. ಅವರ ಮಾತಿಗೆ ದೊಡ್ಡವರು ಒಂದು ಕಾರಣಕ್ಕೆ ನಗುತ್ತಿದ್ದರು, ನಾವು ಇನ್ನೊಂದು ಕಾರಣಕ್ಕೆ. ನಮ್ಮ ಕಾರಣ ಏನಪ್ಪಾ ಅಂದರೆ ಅವಳು ಅವನಿಗೆ ಹೊಡೆಯುತ್ತಿದ್ದಳು, ಅಷ್ಟೇ. ಸೀತೆ ಅಳುವ ಹೊತ್ತಿಗೆ ಅರ್ಧ ಮಕ್ಕಳು ನಿದ್ದೆ. ಇದು ಮಕ್ಕಳ ಆಟವೋ ದೊಡ್ಡವರದ್ದೋ ಅಂತ ಯಾರೂ ಕೇಳಲಿಲ್ಲ. ಹಳೇ ಟಾಕೀಸ್ ಅವರು ಬೈದ ‘ಅಪ್ಪಂದಿರ ಜೋಕು’ ನಮ್ಮ ಪರದೆಯ ಮೇಲೆ ಯಾವತ್ತಿನಿಂದಲೂ ಇದೆ ಸ್ವಾಮಿ. ಕೊಪ್ಪಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಯಾರೂ ಗೊಂಬೆ ತಾನೇ ಅನ್ನಲಿಲ್ಲ.

ಇನ್ನೊಂದು ವಿಷಯ. ಅನಿಮೇಷನ್ ಸಿನಿಮಾ ಅಂದರೆ ಎಲ್ಲರೂ 1937ರ ‘ಸ್ನೋ ವೈಟ್’ನಿಂದ ಶುರು ಮಾಡುತ್ತಾರೆ. ಅದಕ್ಕೆ 11 ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಲೊಟ್ಟೆ ರೈನಿಗರ್ ಅನ್ನುವ ಹೆಣ್ಣುಮಗಳು ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ ಮಾಡಿ ಮುಗಿಸಿದ್ದರು. ಕಪ್ಪು ರಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ, ಕೈಕಾಲಿನ ಕೀಲುಗಳನ್ನು ತಂತಿಯಿಂದ ಜೋಡಿಸಿ, ಕೆಳಗಿನಿಂದ ದೀಪ ಬಿಟ್ಟ ಗಾಜಿನ ಮೇಲೆ ಮಲಗಿಸಿ, ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು. ಮೂರು ವರ್ಷ ಹಿಡಿಯಿತು. ಈಗ ಉಳಿದಿರುವ ಪೂರ್ತಿ ಉದ್ದದ ಅನಿಮೇಷನ್ ಸಿನಿಮಾಗಳಲ್ಲಿ ಅದೇ ಹಳೆಯದು. ನಾನು ನೋಡಿದಾಗ ಕಥೆ ಕಡೆ ಗಮನವೇ ಹೋಗಲಿಲ್ಲ. ‘ಅರೆ, ಇದು ನಮ್ಮ ಗೊಂಬೆ!’ ಅಂತ ಮುಖ ಹುಡುಕುತ್ತಿದ್ದೆ. ನಮ್ಮದರಲ್ಲಿ ಬಣ್ಣ ತೊಗಲಲ್ಲೇ ಇರುತ್ತದೆ, ಅವರದ್ದು ಬರೀ ಕಪ್ಪು ನೆರಳು. ಆದರೆ ಮೊಣಕೈ ಮಡಚುವ ರೀತಿ ಅದೇ.

ಸೈತಮಾ_ಕನ್ನಡಿಗ
ಭಾನುವಾರ, ಸಂಜೆ 5:40

ಕೆಲಸದ ಮೇಲೆ ಜಪಾನಿಗೆ ಬಂದು ಆರು ವರ್ಷ. ಟೊಕೊರೊಝಾವಾ ಅನ್ನೋ ಊರು ಇಲ್ಲಿಂದ ರೈಲಿನಲ್ಲಿ ಹತ್ತಿರ. ಟೊಟೊರೊ ಸಿನಿಮಾಗೆ ಪ್ರೇರಣೆಯಾದ ಸಯಾಮಾ ಗುಡ್ಡಗಳು ಇಲ್ಲೇ ಇರುವುದು. ನಾನು ಚಿಕ್ಕಮಗಳೂರಿನವನು. ‘ಗುಡ್ಡ’ ಅಂದಾಗ ಏನೇನೋ ಕಲ್ಪಿಸಿಕೊಂಡು ಹೋದೆ. ನೋಡಿದರೆ ನಮ್ಮ ಕಡೆ ದಿಬ್ಬ ಅನ್ನುವಂಥವು. ಸುತ್ತ ಮನೆ, ರಸ್ತೆ, ಸೂಪರ್ ಮಾರ್ಕೆಟ್ಟು. ಮಧ್ಯದಲ್ಲಿ ಅಲ್ಲಲ್ಲಿ ಟೀ ಸಾಲು, ಆಮೇಲೆ ದಿಢೀರ್ ಅಂತ ಕಾಡು. ಒಳಗೆ ಹತ್ತು ಹೆಜ್ಜೆ ಇಟ್ಟರೆ ವಾಹನದ ಸದ್ದು ನಿಂತುಹೋಗುತ್ತದೆ.

ಆ ಕಾಡು ಉಳಿದಿರುವುದರಲ್ಲಿ ಸಿನಿಮಾದ ಪಾಲೂ ಇದೆ. ಬಡಾವಣೆ ಮಾಡುವವರ ಕೈಗೆ ಹೋಗದಂತೆ ಜನ ಚಂದಾ ಎತ್ತಿ ತುಂಡು ತುಂಡಾಗಿ ಕಾಡು ಕೊಳ್ಳುತ್ತಾರೆ. 1991ರಲ್ಲಿ ಮೊದಲ ತುಂಡು ಕೊಂಡರು. ‘ಟೊಟೊರೊ ಕಾಡು, ಸಂಖ್ಯೆ 1’ ಅಂತ ಹೆಸರು. ಈಗ ಅಂಥವು ಐವತ್ತಕ್ಕಿಂತ ಜಾಸ್ತಿ ಇವೆ. ಮಿಯಾಝಾಕಿ ಟೊಟೊರೊ ಹೆಸರು ಬಳಸಲು ಒಪ್ಪಿಗೆ ಕೊಟ್ಟದ್ದಷ್ಟೇ ಅಲ್ಲ, ದುಡ್ಡೂ ಹಾಕಿದ್ದಾರೆ.

ಇನ್ನೊಂದು, ಸಿನಿಮಾದಲ್ಲಿ ಟೊಟೊರೊ ಇರುವ ದೊಡ್ಡ ಕರ್ಪೂರದ ಮರಕ್ಕೆ ಹಗ್ಗ ಸುತ್ತಿದ್ದಾರಲ್ಲ, ಪವಿತ್ರ ಮರ ಅಂತ ಗುರುತಿಗೆ. ಅಪ್ಪ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮರಕ್ಕೆ ತಲೆ ಬಾಗಿಸುತ್ತಾನೆ. ನಮ್ಮೂರ ನಾಗಬನದ ಮುಂದೆ ಅಜ್ಜಿ ಚಪ್ಪಲಿ ಬಿಡಿಸುತ್ತಿದ್ದರು, ಕೊಂಬೆ ಮುರಿಯಬೇಡ ಅನ್ನುತ್ತಿದ್ದರು. ನನ್ನ ಮಗನಿಗೆ ಇಲ್ಲಿ ಅದನ್ನೆಲ್ಲ ಹೇಳಿಕೊಡಲು ನನಗೆ ಮಾತು ಸಿಗುತ್ತಿರಲಿಲ್ಲ. ಆ ದೃಶ್ಯ ನೋಡಿದ ಮೇಲೆ ಅವನೇ ಪಾರ್ಕಿನ ಒಂದು ಮರಕ್ಕೆ ಬಗ್ಗಿ ನಮಸ್ಕಾರ ಮಾಡಿದ. ಯಾವುದೋ ಪಾಪದ ಚೆರಿ ಮರ.

ಮಂಡಕ್ಕಿ_ಮೆಣಸಿನಕಾಯಿ
ಭಾನುವಾರ, ಸಂಜೆ 6:05

ಸೈತಮಾ ಅವರೇ, ಫೋಟೋ ಇದ್ದರೆ ಹಾಕಿ. ಮರದ್ದು, ಮಗನದ್ದಲ್ಲ.

ತುಂಗಾತೀರ
ಭಾನುವಾರ, ಸಂಜೆ 7:30

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ನನ್ನ ಮಕ್ಕಳು (ಶಾಲೆಯ ಮಕ್ಕಳು) ಕಾರ್ಟೂನ್ ನೋಡಿ ಹಿಂದಿ ಕಲಿತವರು. ‘ಟೀಚರ್, ಬಚಾವೋ’ ಅಂತ ಓಡಿ ಬರುತ್ತಿದ್ದರು. 2009ರಲ್ಲಿ ಕನ್ನಡದ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದ ಮೇಲೆ ಅದೇ ಮಕ್ಕಳು ‘ಕಾಪಾಡಿ’ ಅನ್ನಲು ಶುರು ಮಾಡಿದರು. ನಗು ಬಂದರೂ ನನಗೆ ಸಮಾಧಾನ ಆಗಿತ್ತು. ಆದರೆ ದೊಡ್ಡ ಪರದೆಯ ಒಳ್ಳೆಯ ಅನಿಮೇಷನ್ ಸಿನಿಮಾ ಕನ್ನಡದಲ್ಲಿ ನೋಡುವ ಭಾಗ್ಯ ಆ ಮಕ್ಕಳಿಗೆ ಇರಲಿಲ್ಲ. ಡಬ್ಬಿಂಗ್ ಬೇಡ ಅಂತ ಚಿತ್ರರಂಗದವರು ದಶಕಗಟ್ಟಲೆ ಹಿಡಿದ ಹಟದಲ್ಲಿ ಮಕ್ಕಳ ಸಿನಿಮಾ ಕೂಡ ಸಿಕ್ಕಿಹಾಕಿಕೊಂಡಿತು. 2015ರಲ್ಲಿ ಸ್ಪರ್ಧಾ ಆಯೋಗ ಹಾಗೆ ತಡೆಯುವುದು ತಪ್ಪು ಅಂತ ದಂಡ ಹಾಕಿತು. ಅಷ್ಟು ಹೊತ್ತಿಗೆ ನನ್ನ ಮಕ್ಕಳು ಪ್ರೈಮರಿ ದಾಟಿ ದೊಡ್ಡವರಾಗಿದ್ದರು.

ಹಳೇ_ಟಾಕೀಸ್
ಭಾನುವಾರ, ರಾತ್ರಿ 8:10

ಡಬ್ಬಿಂಗ್ ಬೇಡ ಅಂತ ಬೀದಿಗಿಳಿದವರಲ್ಲಿ ನಾನೂ ಒಬ್ಬ ಮೇಡಂ. ನಮ್ಮ ಕೆಲಸಗಾರರ ಹೊಟ್ಟೆಪಾಡು ಅನ್ನುವ ಮಾತಿನಲ್ಲಿ ಸತ್ಯ ಇತ್ತು. ಮಕ್ಕಳ ಸಿನಿಮಾ ಬಗ್ಗೆ ಮಾತ್ರ ಅವತ್ತು ಯೋಚಿಸಲೇ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಐದೋ ಆರೋ ವರ್ಷ. ವೀಡಿಯೊ ಕ್ಯಾಸೆಟ್ ಬಾಡಿಗೆಗೆ ತಂದು ‘ಬ್ಯಾಂಬಿ’ ಹಾಕಿದ್ದೆ. 1942ರ ಡಿಸ್ನಿ ಸಿನಿಮಾ. ನಾನು ಪೇಪರ್ ಓದುತ್ತಾ ಕೂತಿದ್ದೆ. ಜಿಂಕೆ ಮರಿ, ತಾಯಿ, ಹಿಮ ಕರಗಿ ಹೊಸ ಹುಲ್ಲು. ತಾಯಿ ತಲೆ ಎತ್ತುತ್ತದೆ. ಓಡು ಅನ್ನುತ್ತದೆ. ಮರಿ ಓಡುತ್ತದೆ. ಗುಂಡಿನ ಸದ್ದು. ಮರಿ ಪೊದೆಗೆ ಬಂದು ತಿರುಗಿ ನೋಡುತ್ತದೆ, ಅಮ್ಮ ಇಲ್ಲ. ಹಿಮ ಮತ್ತೆ ಬೀಳಲು ಶುರುವಾಗುತ್ತದೆ. ತಾಯಿ ಸಾಯುವುದನ್ನು ತೋರಿಸುವುದೇ ಇಲ್ಲ. ಗುಂಡು ಹೊಡೆದ ಮನುಷ್ಯನನ್ನು ಇಡೀ ಸಿನಿಮಾದಲ್ಲಿ ಒಂದು ಸಲವೂ ತೋರಿಸುವುದಿಲ್ಲ. ಪೇಪರ್ ಕೆಳಗೆ ಇಟ್ಟೆ. ಮಗಳು ಅಳಲಿಲ್ಲ. ನನ್ನ ಕಡೆ ತಿರುಗಿ “ಅಪ್ಪಾ, ಅಮ್ಮ ಎಲ್ಲಿ?” ಅಂದಳು. ಜಿಂಕೆಯದ್ದಲ್ಲ, ಅವಳ ಅಮ್ಮ. ಅಡುಗೆಮನೆಯಲ್ಲಿದ್ದಳು. ಹೋಗಿ ಸೆರಗು ಹಿಡಿದುಕೊಂಡು ನಿಂತಳು.

ಹಾಗಾಗಿ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಆಗುವುದು ಅಪರೂಪ ಅಂತಷ್ಟೇ.

ಗೆರೆಕೆಲಸ
ಭಾನುವಾರ, ರಾತ್ರಿ 9:00

ಸರ್, ಬ್ಯಾಂಬಿಯ ಆ ಕಾಡನ್ನು ಕಲ್ಪಿಸಿದವರು ಚಿತ್ರಕಾರ ಟೈರಸ್ ವಾಂಗ್. 1910ರಲ್ಲಿ ಚೀನಾದಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಜೊತೆ ಅಮೆರಿಕಕ್ಕೆ ಬಂದವರು. ಡಿಸ್ನಿಯಲ್ಲಿ ಅವರಿಗೆ ಇದ್ದದ್ದು ಇನ್‌ಬಿಟ್ವೀನ್ ಕೆಲಸ. ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ತುಂಬುವುದು. ದಿನವಿಡೀ ಅದೇ ಅದೇ ಗೆರೆ, ಕಣ್ಣು ಉರಿ ಬರುವ ಕೂಲಿ. ನಾನೂ ಮಾಡಿದ್ದೇನೆ, ಗೊತ್ತು. ಬ್ಯಾಂಬಿಗೆ ಮೊದಲು ಬರೆದ ಕಾಡಿನಲ್ಲಿ ಎಲೆ ಎಲೆಯೂ ಬಿಡಿಸಿ ಬರೆದಿದ್ದರಂತೆ, ಜಿಂಕೆಯೇ ಅದರಲ್ಲಿ ಕಳೆದುಹೋಗುತ್ತಿತ್ತು. ವಾಂಗ್ ತಾವಾಗಿಯೇ ಸಣ್ಣ ಸಣ್ಣ ಚಿತ್ರಗಳನ್ನು ಬರೆದು ತೋರಿಸಿದರು. ಹಳೇ ಚೀನೀ ಚಿತ್ರಗಳ ಹಾಗೆ ಮಂಜು, ನಾಲ್ಕು ಗೀಟು, ಮಧ್ಯೆ ಬೆಳಕಿನಲ್ಲಿ ಒಂದು ಜಿಂಕೆ. ಉಳಿದ ಕಾಡನ್ನು ನೋಡುವವರೇ ತುಂಬಿಕೊಳ್ಳಬೇಕು. ಇಡೀ ಸಿನಿಮಾ ಆ ದಾರಿಗೆ ತಿರುಗಿತು.

1941ರಲ್ಲಿ ಸ್ಟುಡಿಯೋದಲ್ಲಿ ಮುಷ್ಕರ ಆಯಿತು. ವಾಂಗ್ ಮುಷ್ಕರಕ್ಕೆ ಹೋಗಿರಲಿಲ್ಲ, ಆದರೂ ಅದಾದ ಮೇಲೆ ಅವರ ಕೆಲಸ ಹೋಯಿತು. ಸಿನಿಮಾದಲ್ಲಿ ಅವರ ಹೆಸರು ಬರೀ ಹಿನ್ನೆಲೆ ಚಿತ್ರಕಾರರ ಪಟ್ಟಿಯಲ್ಲಿ ಒಂದು. 2016ರಲ್ಲಿ ತೀರಿಕೊಂಡಾಗ 106 ವರ್ಷ. ಕೊನೆಯ ವರ್ಷಗಳಲ್ಲಿ ಸ್ವಂತ ಕೈಯಿಂದ ಗಾಳಿಪಟ ಮಾಡಿ ಸಮುದ್ರದ ದಂಡೆಯಲ್ಲಿ ಹಾರಿಸುತ್ತಿದ್ದರು.

ನನಗೆ ‘ಕಾರ್ಟೂನ್ ತಾನೇ’ ಅನ್ನುವವರ ಮೇಲೆ ಅಷ್ಟು ಸಿಟ್ಟಿಲ್ಲ. ನಮ್ಮ ಕೆಲಸ ನೋಡಿ ಚೆನ್ನಾಗಿದೆ ಅಂದು, ಹೆಸರು ಬರುವ ಹೊತ್ತಿಗೆ ಎದ್ದು ಹೋಗುವವರ ಮೇಲೆ ಇದೆ.

ಬಳ್ಳಾರಿ_ಬಿಸಿಲು
ಭಾನುವಾರ, ರಾತ್ರಿ 9:20

ಹಾಗಾದರೆ ನಮ್ಮದು ಯಾಕೆ ಬರಲ್ಲ? ಗೋವಿನ ಹಾಡು ಇಟ್ಟುಕೊಂಡು ಬೆಂಗಳೂರಿನವರು ‘ಪುಣ್ಯಕೋಟಿ’ ಅಂತ ಅನಿಮೇಷನ್ ಸಿನಿಮಾ ಮಾಡಿದರು. ಮಾಡಿದ್ದು ಸಂಸ್ಕೃತದಲ್ಲಿ! ಕಳೆದ ವರ್ಷ, 2025ರ ಜುಲೈನಲ್ಲಿ, ‘ಮಹಾವತಾರ ನರಸಿಂಹ’ ಬಂತು. ಹೊಂಬಾಳೆಯವರು ಅರ್ಪಿಸಿದ್ದು, ಕನ್ನಡದಲ್ಲೂ ಇತ್ತು. ನಮ್ಮೂರಿನ ಟಾಕೀಸಿನಲ್ಲಿ ಅಜ್ಜಿ, ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕೂತಿದ್ದರು. ನನಗಂತೂ ಚಾಪೆ ನೆನಪಾಯಿತು.

ಗೆರೆಕೆಲಸ
ಭಾನುವಾರ, ರಾತ್ರಿ 9:41

ನರಸಿಂಹ ಎರಡು ಸಲ ನೋಡಿದೆ. ಕಂಬ ಒಡೆಯುವ ಕಡೆ ಮೈ ಜುಮ್ ಅಂದದ್ದು ನಿಜ. ಆದರೆ ನನಗೆ ಪ್ರಹ್ಲಾದ ಒಬ್ಬನೇ ಸುಮ್ಮನೆ ಕೂತಿರುವುದು ಇನ್ನೂ ನಾಲ್ಕು ಕ್ಷಣ ಬೇಕಿತ್ತು. ನಮ್ಮವರಿಗೆ ಖಾಲಿ ಹೊತ್ತು ಅಂದರೆ ಹೆದರಿಕೆ.

ಕೈ ಇಲ್ಲ ಅಂತಲ್ಲ. ಹೊರದೇಶದ ದೊಡ್ಡ ಸಿನಿಮಾಗಳ ಎಷ್ಟೋ ಶಾಟ್‌ಗಳು ಇಲ್ಲೇ ಆಗುತ್ತವೆ. ದುಡ್ಡಿನ ನೆಪ ಪೂರ್ತಿ ಸುಳ್ಳಲ್ಲ, ಆದರೆ 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ನೋಡಿ. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಮಾಡಿದ್ದು. ಬಳಸಿದ್ದು ಬ್ಲೆಂಡರ್, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವ ಸಾಫ್ಟ್‌ವೇರ್. ಒಂದು ಬೆಕ್ಕು, ಪ್ರವಾಹ, ಒಂದು ದೋಣಿ. ಒಂದೇ ಒಂದು ಮಾತಿಲ್ಲ. ಡಬ್ಬಿಂಗ್ ಜಗಳವೂ ಇಲ್ಲ ಟೀಚರ್!

ಹಳೇ_ಟಾಕೀಸ್
ಭಾನುವಾರ, ರಾತ್ರಿ 10:05

‘ಫ್ಲೋ’ ನೋಡಿಲ್ಲ. ಬೆಕ್ಕು ಮಾತಾಡಲ್ಲ ಅಂತ ಗ್ಯಾರಂಟಿ ಕೊಟ್ಟರೆ ನೋಡುತ್ತೇನೆ.

ಪಾಪ್‌ಕಾರ್ನ್_ಪರಶು
ಭಾನುವಾರ, ರಾತ್ರಿ 10:07

ಗ್ಯಾರಂಟಿ ಸರ. ಬರೀ ಮಿಯಾಂವ್. ಒಂದು ನಾಯಿನೂ ಐತಿ, ಅದೂ ಮಾತಾಡಂಗಿಲ್ಲ.

ಮಂಡಕ್ಕಿ_ಮೆಣಸಿನಕಾಯಿ
ಬುಧವಾರ, ರಾತ್ರಿ 9:50

ಮೂರು ದಿನ ಇಲ್ಲಿಗೆ ಬರಲಾಗಲಿಲ್ಲ. ನಿನ್ನೆ ಭಾವ ನಮ್ಮ ಮನೆಗೆ ಬಂದಿದ್ದರು. ಗೆರೆಕೆಲಸ ಅವರ ತೂಕಡಿಕೆ ಮಾತು ಓದಿ ಹೇಳಿದೆ. ಅವರು ವೆಲ್ಡಿಂಗ್ ಶಾಪ್ ಇಟ್ಟಿರುವವರು. ಕೈಕೆಲಸ ಅಂದರೆ ಕಿವಿ ನೆಟ್ಟಗಾಗುತ್ತದೆ. “ಹಾಕು ನೋಡೋಣ, ಆ ಬಸ್ ಸ್ಟಾಪ್ ಮಾತ್ರ” ಅಂದರು.

ಹಾಕಿದೆ. ಈ ಸಲ ಕೂತು ನೋಡಿದರು. ಮೇ ತೂಕಡಿಸಿದ ಕಡೆ “ಹಿಂದಕ್ಕೆ ಹಾಕು” ಅಂದರು. ಎರಡು ಸಲ ಹಾಕಿಸಿದರು. “ಮೊಣಕಾಲು ನೋಡು, ಮೊಣಕಾಲೂ ಸಡಿಲ ಬಿಟ್ಟಿದ್ದಾರೆ” ಅಂದರು. ನಾನು ಅಷ್ಟು ಸಲ ನೋಡಿದ್ದೇನೆ, ಮೊಣಕಾಲು ಗಮನಿಸಿರಲಿಲ್ಲ. ಕಲೆ ಅಂತ ಒಪ್ಪಿದರಾ ಅಂತ ಕೇಳಬೇಡಿ. “ಕೆಲಸ ನೀಟಾಗಿದೆ” ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಅಷ್ಟರಲ್ಲಿ ಮಗಳು ಬಂದು ಭಾವನ ತೊಡೆ ಮೇಲೆ ಕೂತಳು. ಕಪ್ಪೆ ರಸ್ತೆ ದಾಟಿತು. “ದೊಡ್ಡಪ್ಪ, ಈ ಕಪ್ಪೆ ಎಲ್ಲಿಗೆ ಹೋಗ್ತಿದೆ?” ಅಂತ ಕೇಳಿದಳು. ಭಾವ ನನ್ನ ಮುಖ ನೋಡಿದರು. ನಾನು ನಿಮ್ಮನ್ನು ಕೇಳುತ್ತಿದ್ದೇನೆ. ಗೊತ್ತಿದ್ದವರು ಹೇಳಿ, ಅವಳಿಗೆ ನಾಳೆ ಉತ್ತರ ಬೇಕಂತೆ.

ಗೆರೆಕೆಲಸ
ಬುಧವಾರ, ರಾತ್ರಿ 10:12

ಮನೆಗೆ ಅಂತ ಹೇಳಿ. ಅದರ ಕೊಡೆನೂ ಯಾರೋ ತಗೊಂಡು ಬಂದು ಕಾಯ್ತಿರಬೇಕು.